ಮಗ್ಗ ನಿಂತರೆ ಯಾರಿಗೆ ಕೇಳಿಸುತ್ತದೆ?

2023ರ ಮಾರ್ಚಿನಲ್ಲಿ ಫ್ರಾನ್ಸಿನ ತೈಲ ಶುದ್ಧೀಕರಣ ಘಟಕಗಳ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಅಲ್ಲಿನ ಹಲವು ಪೆಟ್ರೋಲ್ ಬಂಕುಗಳು ಬರಿದಾಗಿದ್ದವು. ಆ ಸುದ್ದಿಯನ್ನು ಬನಹಟ್ಟಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅಜ್ಜನಿಗೆ ಓದಿ ಹೇಳಿದೆ. ನಿವೃತ್ತಿಯ ವಯಸ್ಸನ್ನು 62ರಿಂದ 64ಕ್ಕೆ ಏರಿಸಿದ್ದಕ್ಕೆ ಇಷ್ಟೆಲ್ಲ ಸಿಟ್ಟು ಎಂದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರವತ್ತನಾಲ್ಕಕ್ಕ ಆತು, ಇನ್ನ ಸಾಕು ಮನಿಗೆ ಹೋಗು ಅಂತ ಹೇಳಾಕ ಅವರಿಗೆ ಒಬ್ಬಾಂವ ಅದಾನಲ್ಲ!" ಅಂದರು.

ಅಜ್ಜನಿಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ಹರಿದ ಎಳೆ ಕಣ್ಣಿಗೆ ಕಾಣದಾದ ದಿನವೇ ಅವರ ನಿವೃತ್ತಿಯ ದಿನ. ಐವತ್ತು ವರ್ಷ ಸೀರೆ ನೇಯ್ದದ್ದಕ್ಕೆ ಇವತ್ತು ತಿಂಗಳಿಗೆ ಸಿಗುವುದು ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ.

ಮುಷ್ಕರದ ಮಾತು ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ಒಂದೇ ಶೀರ್ಷಿಕೆ ಬರೆಯುತ್ತವೆ: ಜನಸಾಮಾನ್ಯರ ಪರದಾಟ. ಬಂಕಿನ ಮುಂದಿನ ಸಾಲಿನ ಚಿತ್ರ ಬರುತ್ತದೆ, ಬಸ್ಸಿಲ್ಲದೆ ನಿಂತ ಮುದುಕಿಯ ಚಿತ್ರ ಬರುತ್ತದೆ. ಪರದಾಟ ಸುಳ್ಳಲ್ಲ. ಆದರೆ ಆ ಮುದುಕಿ ಬಸ್ಸಿರುವ ದಿನಗಳಲ್ಲಿ ಹೇಗೆ ಬದುಕುತ್ತಾಳೆ ಎಂದು ಕೇಳಲು ಯಾವ ಕ್ಯಾಮೆರಾವೂ ಬರುವುದಿಲ್ಲ. ಅವಳ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಸರ್ಕಾರ ಕೊಡುವ ಪಾಲು, ಎಂಬತ್ತು ತುಂಬುವವರೆಗೆ, ತಿಂಗಳಿಗೆ 200 ರೂಪಾಯಿ. ಹದಿನೈದು ವರ್ಷಕ್ಕೂ ಮೇಲಾಯಿತು, ಅದು ಒಂದು ರೂಪಾಯಿಯೂ ಏರಿಲ್ಲ. ಇದು ಪರದಾಟವಲ್ಲವೇ? ಅಥವಾ ದಿನವೂ ನಡೆಯುವುದು ಪರದಾಟದ ಲೆಕ್ಕಕ್ಕೆ ಬರುವುದಿಲ್ಲವೇ?

ನಿಜವಾದ ಪ್ರಶ್ನೆ, ಯಾರು ನಿಲ್ಲಿಸಿದರೆ ಸರ್ಕಾರಕ್ಕೆ ಕೇಳಿಸುತ್ತದೆ ಎನ್ನುವುದು. 2009ರ ಜನವರಿಯಲ್ಲಿ ಸರ್ಕಾರಿ ತೈಲ ಕಂಪನಿಗಳ ಅಧಿಕಾರಿಗಳು ಸಂಬಳಕ್ಕಾಗಿ ಮೂರು ದಿನ ಮುಷ್ಕರ ಹೂಡಿದರು, ದೇಶವೇ ತತ್ತರಿಸಿತು. 2024ರ ಜನವರಿ ಮೊದಲ ವಾರ ಲಾರಿ ಮತ್ತು ಟ್ಯಾಂಕರ್ ಚಾಲಕರು ಹೊಸ ಅಪಘಾತ ಕಾನೂನಿನ ವಿರುದ್ಧ ಗಾಡಿ ನಿಲ್ಲಿಸಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಮಾತುಕತೆಗೆ ಇಳಿಯಿತು, ಆ ಕಲಮು ಜಾರಿಯಾಗದೆ ಉಳಿಯಿತು. 2023ರ ಮಾರ್ಚ್ 1ರಂದು ಕರ್ನಾಟಕದ ಸರ್ಕಾರಿ ನೌಕರರು ಕಚೇರಿಗೆ ಹೋಗಲಿಲ್ಲ. ಅದೇ ದಿನ ಶೇಕಡಾ 17ರ ಮಧ್ಯಂತರ ಪರಿಹಾರವೂ ಹಳೆಯ ಪಿಂಚಣಿಯನ್ನು ಪರಿಶೀಲಿಸುವ ಸಮಿತಿಯೂ ಘೋಷಣೆಯಾದವು.

ಇನ್ನು ರಬಕವಿ-ಬನಹಟ್ಟಿಯ ಮಗ್ಗ ನಿಲ್ಲಲಿ. ಓಣಿಯ ಸದ್ದು ಅಡಗುತ್ತದೆ, ಅಷ್ಟೇ. ಬೆಂಗಳೂರಿನಲ್ಲಿ ಯಾರ ನಿದ್ದೆಯೂ ಕೆಡುವುದಿಲ್ಲ. "ಮಗ್ಗ ನಿಂದ್ರಿಸಿದ್ರ ಬೆಂಕಿ ಬೀಳೂದು ನಮ್ಮ ಹೊಟ್ಟಿಗೇ" ಎಂದು ಪಕ್ಕದ ಮನೆಯ ಕಾಕಾ ಹೇಳುವುದು ಇದನ್ನೇ.

ಹಾಗಾದರೆ ನಮ್ಮ ಭಾಗದ ಕೈಗಳಿಗೆ ಬಲವೇ ಇಲ್ಲವೇ? ಇದೆ. ಮುಧೋಳ, ಜಮಖಂಡಿ, ಬೀಳಗಿಯ ಕಬ್ಬು ಈಗ ಬರೀ ಸಕ್ಕರೆಯಾಗುವುದಿಲ್ಲ, ಎಥೆನಾಲ್ ಆಗುತ್ತದೆ. ದೇಶದ ಪೆಟ್ರೋಲಿನಲ್ಲಿ ಇವತ್ತು ಶೇಕಡಾ 20ರಷ್ಟು ಎಥೆನಾಲ್ ಬೆರೆಸಲಾಗುತ್ತಿದೆ. ಅಂದರೆ ಘಟಪ್ರಭೆಯ ದಂಡೆಯಲ್ಲಿ ನಸುಕಿನಲ್ಲೆದ್ದು ಕಬ್ಬು ಕಡಿಯುವ ಹೆಂಗಸು ಕೂಡ ಇಂಧನ ಕಾರ್ಮಿಕಳೇ. ಫ್ರಾನ್ಸಿನ ಶುದ್ಧೀಕರಣ ಘಟಕದವನಿಗೂ ಇವಳಿಗೂ ಇರುವ ಅಂತರ ಇಷ್ಟೇ: ಅವನಿಗೆ ಸಂಘವಿದೆ, ಇವಳ ಕೊರಳಿಗೆ ಮುಂಗಡದ ಸಾಲವಿದೆ. ಮುಂಗಡ ಪಡೆದ ಗ್ಯಾಂಗು ಕೋಯ್ತಾ ಕೆಳಗಿಡುವಂತಿಲ್ಲ. ಕಬ್ಬು ಬೆಳೆದವರು 2025ರ ನವೆಂಬರಿನಲ್ಲಿ ರಸ್ತೆಗಿಳಿದು ಟನ್ನಿಗೆ 3,300 ರೂಪಾಯಿ ದರ ಪಡೆದರು. ಅದು ನ್ಯಾಯವೇ. ಮುಧೋಳದ ಕಡೆ ಕಬ್ಬಿನ ಟ್ರ್ಯಾಕ್ಟರುಗಳಿಗೆ ಬೆಂಕಿ ಬಿದ್ದದ್ದು ಮಾತ್ರ ಹೋರಾಟಕ್ಕೆ ಬಿದ್ದ ಬೆಂಕಿ. ಆದರೆ ಆ ಇಡೀ ಗದ್ದಲದಲ್ಲಿ ಕಡಿಯುವವರ ಮುಪ್ಪಿನ ಮಾತು ನನ್ನ ಕಿವಿಗಂತೂ ಬೀಳಲಿಲ್ಲ.

ಮುಧೋಳ ತಾಲ್ಲೂಕಿನ ಹಲಗಲಿಯ ಕಥೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಲಾವಣಿಯಿಂದ ಗೊತ್ತು. 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಿರೆಂದರು, ಬೇಡರು ಒಪ್ಪಿಸಲಿಲ್ಲ, ಊರನ್ನೇ ಸುಟ್ಟರು. ನಾವು ಆ ಲಾವಣಿಯ ಛಂದಸ್ಸಿನ ಬಗ್ಗೆ ಪ್ರಬಂಧ ಬರೆಯುತ್ತೇವೆ. ಹತಾರ ಕಿತ್ತುಕೊಳ್ಳುವ ಕಾಯ್ದೆ ಇವತ್ತು ಯಾವ ವೇಷದಲ್ಲಿ ಬರುತ್ತದೆಂದು ಕೇಳುವುದಿಲ್ಲ. ದುಡಿಯುವವನ ಕೈಯಲ್ಲಿರುವ ಹತಾರ ಒಂದೇ: ದುಡಿಯದಿರುವುದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, ಮುಂಚೆ ಸಾರ್ವಜನಿಕ ಉಪಯುಕ್ತ ಸೇವೆಗಳಿಗಷ್ಟೇ ಇದ್ದ ಮುನ್ಸೂಚನೆಯ ಕಟ್ಟಳೆಯನ್ನು ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ಹಬ್ಬಿಸಿದೆ. ಹದಿನಾಲ್ಕು ದಿನ ಮೊದಲೇ ನೋಟಿಸ್ ಕೊಡಬೇಕು, ಸಂಧಾನ ನಡೆಯುತ್ತಿದ್ದರೆ ಮುಷ್ಕರ ಮಾಡುವಂತಿಲ್ಲ. ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೆ ಅದೂ ಮುಷ್ಕರವೇ. ಫ್ರಾನ್ಸಿನಲ್ಲೂ 2010ರಲ್ಲಿ ಘಟಕದ ಕಾರ್ಮಿಕರನ್ನು ಆದೇಶ ಹೊರಡಿಸಿ ಕೆಲಸಕ್ಕೆ ಕರೆದರು. ಒಂದು ಆದೇಶವನ್ನು ನ್ಯಾಯಾಲಯ ತಡೆದರೆ ಇನ್ನೊಂದು ಹೊರಟಿತು. ಹತಾರಕ್ಕೆ ಹೆದರುವವರ ರೀತಿ ಎಲ್ಲ ಕಡೆಯೂ ಒಂದೇ.

ಇಲ್ಲಿ ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ನೌಕರಿಗೆ ಸೇರಿದವರು ಹಳೆಯ ಪಿಂಚಣಿ ಕೇಳುತ್ತಿದ್ದಾರೆ. ಕೇಳಲಿ. ಪಿಂಚಣಿ ದಾನವಲ್ಲ, ಹಕ್ಕು ಎಂದು ಸುಪ್ರೀಂ ಕೋರ್ಟು ನಕಾರಾ ಪ್ರಕರಣದಲ್ಲಿ 1982ರ ಡಿಸೆಂಬರ್ 17ರಂದೇ ಹೇಳಿದೆ. ಆದರೆ ಆ ಹಣ ಬರುವ ಬೊಕ್ಕಸಕ್ಕೆ ನೂಲು ಕೊಳ್ಳುವಾಗ, ಸೋಪು ಕೊಳ್ಳುವಾಗ ನೇಕಾರನೂ ತೆರಿಗೆ ಕಟ್ಟುತ್ತಾನೆ. ತನಗಿಲ್ಲದ ಮುಪ್ಪಿನ ನೆಮ್ಮದಿಗೆ ಅವನು ಹಣ ಕೊಡಬೇಕು, ನೌಕರರ ಬೇಡಿಕೆ ಪಟ್ಟಿಯಲ್ಲಿ ಅವನ ಹೆಸರು ಮಾತ್ರ ಇರಬಾರದು ಎಂದರೆ ಅದು ಹೋರಾಟವಲ್ಲ, ಪಾಲು ಕೇಳುವ ಜಗಳ. ನಾಳೆ ನಾನೂ ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕುವ ಜನರಲ್ಲೊಬ್ಬ ವ್ಯಕ್ತಿ. ಆದ್ದರಿಂದ ಈ ಮಾತು ನನಗೂ ತಗಲುತ್ತದೆ.

ಇಷ್ಟು ಜನಕ್ಕೆ ದುಡ್ಡೆಲ್ಲಿದೆ ಎನ್ನುವವರಿಗೆ ಉತ್ತರ ಪಕ್ಕದಲ್ಲೇ ಇದೆ. ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರ ಕಲ್ಯಾಣ ಮಂಡಳಿಗೆ ಕಾರ್ಖಾನೆಗಳು ಟನ್ನಿಗೆ 10 ರೂಪಾಯಿ ಕೊಡಬೇಕೆಂದು ನಿಯಮವಾಗಿದೆ. ಕಟ್ಟಡ ಕಾರ್ಮಿಕರಿಗಾಗಿ ನಿರ್ಮಾಣ ವೆಚ್ಚದ ಶೇಕಡಾ 1ರಷ್ಟು ಸೆಸ್ ನಮ್ಮಲ್ಲೇ ಇದೆ. ಹಾಗೆಯೇ ಎಥೆನಾಲಿನ ಪ್ರತಿ ಲೀಟರಿಗೆ, ಗಿರಣಿಯಿಂದ ಹೊರಡುವ ನೂಲಿನ ಪ್ರತಿ ಕಿಲೋಗೆ ಒಂದಿಷ್ಟು ಕಟ್ಟಿಸಿಕೊಂಡು, ಬೆಲೆಯೇರಿದಂತೆ ಏರುವ ಪಿಂಚಣಿ ಯಾಕಾಗಬಾರದು? ಮುಂದಿನ ಸಲ ನೌಕರರು ಕಚೇರಿ ಮುಚ್ಚುವಾಗ ಅವರ ಮೊದಲ ಬೇಡಿಕೆ ಇದಾಗಿರಲಿ. ಆಸ್ಪತ್ರೆ, ಆಂಬುಲೆನ್ಸು, ಕುಡಿಯುವ ನೀರು ಬಿಟ್ಟು ಉಳಿದದ್ದು ನಿಲ್ಲಲಿ. ಆಗ ಬಂಕಿನ ಸಾಲಿನಲ್ಲಿ ನಿಂತವನೂ ಬಯ್ಯುವ ಮುಂಚೆ ಎರಡು ಸಲ ಯೋಚಿಸುತ್ತಾನೆ, ಯಾಕೆಂದರೆ ಅದು ಅವನ ಅವ್ವನ ಪಿಂಚಣಿಯೂ ಆಗಿರುತ್ತದೆ.

ಫ್ರಾನ್ಸಿನವರು 2010ರಲ್ಲಿ ಸೋತರು, 2023ರಲ್ಲೂ ಸೋತಂತೆ ಕಂಡರು. 2025ರ ಕೊನೆಗೆ ಅದೇ ಸಂಸತ್ತು ಆ ವಯಸ್ಸಿನ ಏರಿಕೆಯನ್ನು ತಾತ್ಕಾಲಿಕವಾಗಿಯಾದರೂ ತಡೆಹಿಡಿಯಿತು. ಇದನ್ನೂ ಅಜ್ಜನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ: "ಅವರ ಮಗ್ಗದ ಮಂದಿಗೂ ಬರತೈತೇನು ಆ ಪಿಂಚಣಿ?"

ಬರುತ್ತದೆ ಅಜ್ಜ, ಎಂದೆ. ಅವರು ಮತ್ತೇನೂ ಕೇಳಲಿಲ್ಲ.