ಕೇಳಿ ಆಡುವ ಆಟ

‘ಆಟ ಅಂದಮೇಲೆ ಎಲ್ಲವೂ ಇರುತ್ತದೆ, ತಡೆದುಕೊಳ್ಳಲಾಗದವರು ಬರಬೇಡಿ’ ಎಂಬ ಮಾತನ್ನು ಪ್ರಬುದ್ಧರ ಮಾತೆಂದು ಆಡುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಇದು ಪ್ರಬುದ್ಧರ ಮಾತಲ್ಲ, ಪುಂಡರ ಮಾತು ಎಂಬುದು ನನ್ನ ವಾದ.

ನಾನು ಹೇಳುತ್ತಿರುವುದು ಮೇಜಿನ ಸುತ್ತ ಕೂತು ಆಡುವ ರೋಲ್ ಪ್ಲೇಯಿಂಗ್ ಆಟಗಳ ಬಗ್ಗೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇವಕ್ಕೆಲ್ಲ ಹಿರಿಯಣ್ಣ. ಗೇಮ್ ಮಾಸ್ಟರ್ ಎಂಬೊಬ್ಬ ಸನ್ನಿವೇಶ ಹೇಳುತ್ತಾನೆ. ಉಳಿದ ನಾಲ್ಕೈದು ಜನ ತಮ್ಮ ತಮ್ಮ ಪಾತ್ರವಾಗಿ ಉತ್ತರಿಸುತ್ತಾರೆ. ಫಲಿತಾಂಶ ಅನುಮಾನವಾದರೆ ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಬೆಂಗಳೂರಿನಲ್ಲಿ ಹಲವು ವರ್ಷ ಭಾನುವಾರದ ಮಧ್ಯಾಹ್ನಗಳನ್ನು ಈ ಆಟಕ್ಕೆ ಕೊಟ್ಟವನು ನಾನು. ಆದ್ದರಿಂದ ಇದು ಹೊರಗಿನವನ ಆಕ್ಷೇಪವಲ್ಲ.

ಈ ಆಟಕ್ಕೆ ಮೊದಲು ಕಾಟ ಕೊಟ್ಟವರು ಮಡಿವಂತರು. 1983ರಲ್ಲಿ, ಮಗನನ್ನು ಕಳೆದುಕೊಂಡ ಪೆಟ್ರಿಷಿಯಾ ಪುಲ್ಲಿಂಗ್ ಎಂಬ ತಾಯಿ ಅವನ ಸಾವಿಗೆ ಈ ಆಟವೇ ಕಾರಣವೆಂದು ನಂಬಿ ಅಮೆರಿಕದಲ್ಲಿ ಒಂದು ಸಂಘಟನೆ ಕಟ್ಟಿದರು. ಆಟ ಸೈತಾನನ ಪೂಜೆ ಕಲಿಸುತ್ತದೆಂಬ ಗುಲ್ಲು ದೇಶವಿಡೀ ಹಬ್ಬಿತು. ಪ್ರಕಾಶಕರು ಅಂಜಿದರು. 1989ರ ಎರಡನೆಯ ಆವೃತ್ತಿಯಲ್ಲಿ ‘ಡೀಮನ್’, ‘ಡೆವಿಲ್’ ಎಂಬ ಹೆಸರುಗಳೇ ಮಾಯವಾದವು. ಅದೇ ಪಿಶಾಚಿಗಳು ಮುಂದೆ ಯಾರ ನಾಲಿಗೆಗೂ ಸಲೀಸಾಗದ ಹೊಸ ಹೆಸರು ಹೊತ್ತು ಬಂದವು. ಹೆಸರು ಬದಲಿಸಿದ್ದರಿಂದ ಯಾವ ಮಗುವಿಗೂ ರಕ್ಷಣೆ ಸಿಗಲಿಲ್ಲ. ಆ ದುಃಖಿತ ತಾಯಿಯ ಬಗ್ಗೆ ನನಗೆ ಮರುಕವಿದೆ, ಆದರೆ ಆಕೆಯ ತೀರ್ಮಾನವನ್ನು ಒಪ್ಪಲಾರೆ.

ಮಡಿವಂತರ ಮೇಲಿನ ಸಿಟ್ಟು ಆಟಗಾರರಲ್ಲಿ ಇನ್ನೊಂದು ರೋಗ ಬೆಳೆಸಿತು. ಯಾರಾದರೂ ‘ಇದು ಬೇಡ’ ಎಂದರೆ ಸಾಕು, ಅವರನ್ನೂ ಸೆನ್ಸಾರಿನವರೆಂದು ಕರೆಯುವುದು. ನಾನೊಮ್ಮೆ ಆಡಲು ಹೋಗಿದ್ದ ಮನೆಯಲ್ಲಿ ಹೊಸದಾಗಿ ಬಂದ ಒಬ್ಬ ಹುಡುಗಿಯ ಪಾತ್ರ ಶತ್ರುಗಳ ಸೆರೆಗೆ ಸಿಕ್ಕಿತು. ಕಾವಲುಗಾರರು ಅವಳನ್ನು ಏನು ಮಾಡುತ್ತಾರೆಂದು ಗೇಮ್ ಮಾಸ್ಟರ್ ಬಣ್ಣಿಸತೊಡಗಿದ. ‘ಇದು ಬೇಡ, ಮುಂದಕ್ಕೆ ಹೋಗೋಣ’ ಎಂದಳು. ಅವನು ನಿಲ್ಲಿಸಲಿಲ್ಲ. ‘ಅವಳು ಬೇಡ ಅಂದಳಲ್ಲ, ನಿಲ್ಲಿಸು’ ಎಂದು ನಾನು ಹೇಳಿದ್ದಕ್ಕೆ, ‘ದಾಳ ಬಿದ್ದಾಯ್ತಲ್ಲ, ನಾನೇನು ಮಾಡಲಿ?’ ಎಂದು ನಕ್ಕ. ಹುಡುಗಿ ಬ್ಯಾಗು ಎತ್ತಿಕೊಂಡು ಹೊರಟಳು. ಮತ್ತೆ ಬರಲಿಲ್ಲ. ದಾಳ ಬೀಳುವುದು ಹೌದು. ಆದರೆ ಯಾವುದಕ್ಕೆ ದಾಳ ಹಾಕಬೇಕೆಂದು ನಿರ್ಧರಿಸುವವನು ಮನುಷ್ಯ.

‘ಕಾದಂಬರಿಯಲ್ಲಿ ಹಿಂಸೆ ಇಲ್ಲವೇ? ಸಿನಿಮಾದಲ್ಲಿ ಇಲ್ಲವೇ?’ ಎಂದು ಕೇಳುತ್ತಾರೆ. ಇದೆ. ಆದರೆ ಪುಸ್ತಕವನ್ನು ಮುಚ್ಚಿಡಬಹುದು. ಅಲ್ಲಿ ನರಳುವುದು ‘ಅವಳು’. ಇಲ್ಲಿ ಪರಿಚಿತನೊಬ್ಬ ನಮ್ಮ ಮುಖ ನೋಡಿ ‘ನಿನ್ನ ಕೈ ಕಟ್ಟಿದ್ದಾರೆ, ಈಗ ಏನು ಮಾಡ್ತೀಯ?’ ಎನ್ನುತ್ತಾನೆ. ನಮ್ಮ ತಾಳಮದ್ದಲೆಯಲ್ಲೂ ಅರ್ಥಧಾರಿಗಳು ಪಾತ್ರವಾಗಿ ಆಶುವಾಗಿಯೇ ಮಾತಾಡುತ್ತಾರೆ, ಎದುರಾಳಿಯನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತಾರೆ. ಆದರೆ ಅಲ್ಲಿ ಪ್ರಸಂಗ ಮೊದಲೇ ಗೊತ್ತು. ದ್ರೌಪದಿಯ ಅರ್ಥ ಹೇಳಲು ಕೂತವರು ದುಶ್ಶಾಸನ ಬರುತ್ತಾನೆಂದು ತಿಳಿದೇ ಕೂತಿರುತ್ತಾರೆ. ಈ ಆಟದಲ್ಲಿ ಪ್ರಸಂಗವೇ ಇಲ್ಲ. ಪ್ರಸಂಗ ಇಲ್ಲದಲ್ಲಿ ಮೊದಲೇ ಕೇಳಿಕೊಳ್ಳುವುದೊಂದೇ ದಾರಿ.

ಕೇಳುವ ಕ್ರಮಗಳನ್ನು ಆಟಗಾರರೇ ಕಂಡುಕೊಂಡಿದ್ದಾರೆ. ರಾನ್ ಎಡ್ವರ್ಡ್ಸ್ 2003ರ ಒಂದು ಪುಸ್ತಕದಲ್ಲಿ ಹೇಳಿದ ‘ಲೈನ್ಸ್ ಅಂಡ್ ವೇಲ್ಸ್’ ಅನ್ನು ನಾನು ಗೆರೆ ಮತ್ತು ತೆರೆ ಎನ್ನುತ್ತೇನೆ. ಗೆರೆಯಾಚೆಯದು ಕಥೆಯಲ್ಲಿ ಬರಲೇಕೂಡದು. ತೆರೆಯ ಹಿಂದಿನದು ನಡೆಯಬಹುದು, ಬಣ್ಣಿಸುವಂತಿಲ್ಲ. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಎಕ್ಸ್-ಕಾರ್ಡ್ ಇನ್ನೂ ಸರಳ: ಮೇಜಿನ ನಡುವೆ ‘ಎಕ್ಸ್’ ಬರೆದ ಒಂದು ಚೀಟಿ. ಯಾರಾದರೂ ಅದನ್ನು ಮುಟ್ಟಿದರೆ ಆ ವಿಷಯ ಅಲ್ಲಿಗೆ ಬಿಟ್ಟಿತು, ಕಾರಣ ಕೇಳುವಂತಿಲ್ಲ. 2020ರ ಹೊತ್ತಿಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಅಧಿಕೃತ ಪುಸ್ತಕವೊಂದೇ ಆಟಕ್ಕೆ ಮುಂಚೆ ಕೂತು ಇವನ್ನೆಲ್ಲ ಮಾತಾಡಿಕೊಳ್ಳಿ ಎಂದು ಬರೆಯಿತು.

ಇದರಿಂದ ಕಥೆಯ ಬೆರಗು ಹೋಗುತ್ತದೆ, ಆಟ ಸಪ್ಪೆಯಾಗುತ್ತದೆ ಎಂಬ ಗೊಣಗಾಟವಿದೆ. ನನ್ನ ಅನುಭವ ಬೇರೆ. ನಮ್ಮ ಗುಂಪು ಒಮ್ಮೆ ಬರಗಾಲದ ಊರೊಂದರ ಕಥೆ ಆಡಿತು. ಹಸಿವು, ಸಾಲ, ಮಕ್ಕಳನ್ನು ಜೀತಕ್ಕಿಡುವುದು ಎಲ್ಲ ಇತ್ತು. ಮೊದಲೇ ಎಲ್ಲರನ್ನೂ ಕೇಳಿದ್ದೆವು. ಮಗುವಿನ ಸಾವನ್ನು ತೋರಿಸುವುದು ಬೇಡವೆಂದು ಒಬ್ಬರು ಹೇಳಿದ್ದರು. ಆ ಒಂದು ಗೆರೆ ಇದ್ದುದರಿಂದಲೇ ಉಳಿದ ಕತ್ತಲೊಳಗೆ ನಾವು ಧೈರ್ಯವಾಗಿ ಇಳಿದೆವು. ಕಟ್ಟೆ ಇರುವ ಬಾವಿಗೆ ಬಗ್ಗಿ ನೋಡಲು ಯಾರಿಗೂ ಅಂಜಿಕೆಯಿಲ್ಲ.

ಚೀಟಿ ಇಟ್ಟ ಮಾತ್ರಕ್ಕೆ ಎಲ್ಲ ಸರಿಹೋಗದು, ನಿಜ. ಕೇಳುವ ಮನಸ್ಸಿಲ್ಲದವನ ಮುಂದೆ ಅದು ಬರೀ ಕಾಗದ. ‘ಪ್ರಬುದ್ಧರಿಗೆ ಮಾತ್ರ’ ಎಂಬ ಹಣೆಪಟ್ಟಿಯನ್ನೂ ನಂಬುವಂತಿಲ್ಲ. 2018ರಲ್ಲಿ ‘ವ್ಯಾಂಪೈರ್’ ಆಟದ ಒಂದು ಪುಸ್ತಕ, ಚೆಚೆನ್ಯಾದಲ್ಲಿ ಸಲಿಂಗಿಗಳ ಮೇಲೆ ನಿಜವಾಗಿಯೂ ನಡೆದ ದೌರ್ಜನ್ಯವನ್ನು ರಕ್ತಪಿಶಾಚಿಗಳ ಸಂಚಿನ ಕಥೆಯಾಗಿಸಿತು. ಪ್ರತಿಭಟನೆಯಾದ ಮೇಲೆ ಪ್ರಕಾಶಕರು ಕ್ಷಮೆ ಕೇಳಿ ಆ ಭಾಗ ತೆಗೆದರು. ಬದುಕಿರುವವರ ನೋವನ್ನು ಕಥೆಗೆ ಒಗ್ಗರಣೆ ಮಾಡಿಕೊಳ್ಳುವುದು ಪ್ರಬುದ್ಧತೆಯಲ್ಲ.

ಮಡಿವಂತ ‘ಯಾರೂ ಆಡಬೇಡಿ’ ಎನ್ನುತ್ತಾನೆ, ಪುಂಡ ‘ನಾನು ಆಡಿದ್ದನ್ನು ಎಲ್ಲರೂ ಸಹಿಸಿ’ ಎನ್ನುತ್ತಾನೆ. ಎದುರಿಗೆ ಕೂತವರನ್ನು ಕೇಳುವ ಅಗತ್ಯ ಇಬ್ಬರಿಗೂ ಕಾಣುವುದಿಲ್ಲ. ಊಟಕ್ಕೆ ಕರೆದವರನ್ನು ‘ಖಾರ ಆಗುತ್ತದೆಯೇ?’ ಎಂದು ಕೇಳುವ ನಾವು, ಮೂರು ಗಂಟೆ ಅವರ ಮನಸ್ಸಿನೊಳಗೆ ಓಡಾಡುವ ಮುಂಚೆ ಒಂದು ಮಾತು ಕೇಳಿದರೆ ಯಾರ ಸ್ವಾತಂತ್ರ್ಯಕ್ಕೂ ಕುಂದಿಲ್ಲ.