ಚಿತ್ರ ಆರಿಸುವ ಹಕ್ಕು ಯಾರದು?

ನಮ್ಮ ಗಿರಣಿ ಪೇಟೆಯ ಚಲಚ್ಚಿತ್ರ ಸಂಘದ ಮುಂದೆ ಈಗೊಂದು ಸೂಚನೆ ಬಂದಿದೆ. ತಿಂಗಳಿಗೊಮ್ಮೆ ತೋರಿಸತಕ್ಕ ಚಿತ್ರವನ್ನು ಸದಸ್ಯರು ಸರದಿಯ ಮೇಲೆ ಆರಿಸುವ ಈಗಿನ ಪದ್ಧತಿಯನ್ನು ಬಿಟ್ಟು, "ವಿಷಯ ತಿಳಿದ" ಮೂವರ ಸಮಿತಿಗೆ ಆ ಕೆಲಸವನ್ನು ಒಪ್ಪಿಸಬೇಕೆಂಬುದು ಅದರ ಸಾರ. ಸೂಚನೆ ತಂದವರು ಕೆಟ್ಟವರಲ್ಲ. ಪರದೆ ಹೊತ್ತವರು, ಬೆಂಚು ಜೋಡಿಸಿದವರು, ಚಂದಾ ಬಾಕಿಗಾಗಿ ಮನೆಮನೆ ಅಲೆದವರು ಅವರೇ. ಆದರೂ ಸೂಚನೆ ಕೆಟ್ಟದ್ದು. ಅದನ್ನು ಸೋಲಿಸಬೇಕೆಂದು ಸದಸ್ಯರನ್ನು ಈ ಅಂಕಣದ ಮೂಲಕ ಕೇಳಿಕೊಳ್ಳುತ್ತೇನೆ.

ಅವರ ವಾದವನ್ನು ಮೊದಲು ನ್ಯಾಯವಾಗಿ ಹೇಳಿಬಿಡೋಣ. ಸರದಿ ಪದ್ಧತಿಯಿಂದಾಗಿ ಒಂದು ತಿಂಗಳು ಬರೀ ಹೊಡೆದಾಟದ ಚಿತ್ರ ಬಂದಿತು, ಇನ್ನೊಂದು ತಿಂಗಳು ಬಂದ ಭಕ್ತಿ ಚಿತ್ರದ ನಡುವೆ ಅರ್ಧ ಜನ ನಿದ್ರೆ ಹೋದರು. ಹೀಗಾದರೆ ಸಂಘದ ಮಟ್ಟ ಇಳಿಯುತ್ತದೆ. ಜಗತ್ತಿನ ಒಳ್ಳೆಯ ಚಿತ್ರಗಳನ್ನು ಬಲ್ಲವರು ಆರಿಸಿಕೊಟ್ಟರೆ ನೋಡುವವರ ರುಚಿ ಬೆಳೆಯುತ್ತದೆ. ಇಷ್ಟೇ ಅವರ ಮಾತು. ಕೇಳುವುದಕ್ಕೆ ಹಿತವಾಗಿಯೇ ಇದೆ. ಮೇಷ್ಟರ ಕೆಲಸ ಮಾಡಿ ಬಂದ ನನ್ನಂಥವನಿಗಂತೂ ಇನ್ನೂ ಹಿತ, ಏಕೆಂದರೆ ಆ ಮೂವರಲ್ಲಿ ನನ್ನ ಹೆಸರನ್ನೂ ಸೇರಿಸಿದ್ದಾರೆ!

ಆದರೆ ದುಡಿಯುವ ಜನ ಏನು ನೋಡಬೇಕು ಎಂಬುದನ್ನು ಬಲ್ಲವರು ನಿರ್ಧರಿಸುವ ಕಥೆ ಇಂದಿನದಲ್ಲ. 1925ರಲ್ಲಿ ಲಂಡನ್ನಿನಲ್ಲಿ ಫಿಲ್ಮ್ ಸೊಸೈಟಿ ಎಂಬ ಸಂಘ ಹುಟ್ಟಿತು. ಲೇಖಕರು, ಕಲಾವಿದರು, ಹಣವಂತರು ಅದರ ಸದಸ್ಯರು. ರಷ್ಯದ ಐಸೆನ್‌ಸ್ಟೈನ್ 1925ರಲ್ಲಿ ತೆಗೆದ 'ಬ್ಯಾಟಲ್‌ಷಿಪ್ ಪೊಟೆಮ್ಕಿನ್' ಚಿತ್ರವನ್ನು, ಅಂದರೆ ಹುಳು ಬಿದ್ದ ಮಾಂಸವನ್ನು ತಿನ್ನಲಾರೆವೆಂದು ದಂಗೆಯೆದ್ದ ನಾವಿಕರ ಕಥೆಯನ್ನು, ಆ ದೇಶದ ಸೆನ್ಸಾರಿನವರು ಸಾರ್ವಜನಿಕರಿಗೆ ತೋರಿಸಗೊಡಲಿಲ್ಲ. ಆದರೆ ಈ ಸೊಸೈಟಿ ತನ್ನ ಸದಸ್ಯರಿಗೆ 1929ರಲ್ಲಿ ಅದನ್ನು ತೋರಿಸಿತು. ಅದೇ ವರ್ಷ ಅಲ್ಲಿನ ಕಾರ್ಮಿಕರು ತಮ್ಮವೇ ಚಿತ್ರ ಸಂಘಗಳನ್ನು ಕಟ್ಟಿ ಒಂದು ಒಕ್ಕೂಟ ಮಾಡಿಕೊಂಡರು. ಇವರು ಅಂಥ ಚಿತ್ರ ತೋರಿಸಲು ಅನುಮತಿ ಕೇಳಿದಾಗ ಹಲವು ಕಡೆ ನಗರ ಸಭೆಗಳು ಆಗದೆಂದವು. ಅದಕ್ಕೆ ಬಳಸಿದ ಕಾಯಿದೆ ಯಾವುದೆಂದು ಬಲ್ಲಿರಾ? 1909ರದು. ಆಗಿನ ಫಿಲ್ಮು ಬೇಗ ಬೆಂಕಿ ಹಿಡಿಯುತ್ತಿದ್ದುದರಿಂದ, ಟಾಕೀಸುಗಳಲ್ಲಿ ಜನ ಸುಟ್ಟುಹೋಗದಿರಲೆಂದು ಮಾಡಿದ ಕಾಯಿದೆ! ಬೆಂಕಿಯ ನೆಪದಲ್ಲಿ ಚಿತ್ರದ ಕಥೆಗೇ ಬೀಗ ಜಡಿದರು. ಕಾರ್ಮಿಕರೇನು ಕಡಿಮೆಯವರೇ? ಬೆಂಕಿ ಹಿಡಿಯದ 16 ಮಿಲಿಮೀಟರಿನ ಫಿಲ್ಮು ಬಳಕೆಗೆ ಬಂದ ಮೇಲೆ, 1930ರ ದಶಕದಲ್ಲಿ, ಆ ಕಾಯಿದೆಯ ಕೈಗೆ ಸಿಕ್ಕದ ಸಣ್ಣ ಯಂತ್ರಗಳನ್ನು ತಂದು ತಮ್ಮ ಸಭಾಂಗಣಗಳಲ್ಲಿ ತೋರಿಸಿಕೊಂಡರು.

ನಮ್ಮ ನಾಡಿನಲ್ಲಿಯೂ ಸೆನ್ಸಾರಿನ ಬಲ್ಲವರಿಗೆ ಬರವಿಲ್ಲ. ಅನಂತಮೂರ್ತಿಯವರ ಕಾದಂಬರಿಯಿಂದ ಪಟ್ಟಾಭಿರಾಮ ರೆಡ್ಡಿಯವರು ತೆಗೆದ 'ಸಂಸ್ಕಾರ'ವನ್ನು 1970ರಲ್ಲಿ ಮದರಾಸಿನ ಸೆನ್ಸಾರಿನವರು ತಡೆದರು. ನೋಡಿದರೆ ಜನ ಕೆಡುತ್ತಾರೆಂಬ ಭಯ. ಮೇಲಿನವರು ತಡೆ ತೆಗೆದರು, ಚಿತ್ರ ಹೊರಬಂದಿತು, ಆ ವರ್ಷದ ಇಡೀ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯನ್ನೂ ಪಡೆಯಿತು. ನಮ್ಮ ಮೂವರ ಸಮಿತಿ ಸೆನ್ಸಾರ್ ಮಂಡಳಿಯಲ್ಲ ಎಂದು ಯಾರಾದರೂ ಹೇಳಬಹುದು. ಒಪ್ಪಿದೆ. ಆದರೆ ಜನರ ಪರವಾಗಿ ತಾವು ಯೋಚಿಸುತ್ತೇವೆಂಬ ಅಭ್ಯಾಸ ಎರಡು ಕಡೆಯೂ ಒಂದೇ.

ಈಗ ಮಟ್ಟದ ಪ್ರಶ್ನೆ. ಹೋದ ವರ್ಷ ನಮ್ಮ ಸಂಘದಲ್ಲಿ ನಡೆದ ಚರ್ಚೆಗಳಲ್ಲಿ ಯಾವುದು ರಾತ್ರಿ ಹನ್ನೊಂದರವರೆಗೂ ಜನರನ್ನು ಎಬ್ಬಿಸಲಿಲ್ಲ? ಕಿರಾಣಿ ಅಂಗಡಿಯ ಯಜಮಾನರೊಬ್ಬರು ತಮ್ಮ ಸರದಿಯಲ್ಲಿ ಆರಿಸಿದ 'ಬಂಗಾರದ ಮನುಷ್ಯ'ದ ಚರ್ಚೆ. ಆ ಹೆಸರು ಕೇಳಿದಾಗ ನಮ್ಮ ಓದಿದ ಗೆಳೆಯರು ಕೆಲವರು ಮೂಗು ಮುರಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. 1972ರ ಚಿತ್ರ, ನೂರು ಸಲ ನೋಡಿದ್ದು, ಅದರಲ್ಲಿ ಚರ್ಚಿಸುವುದೇನಿದೆ ಎಂದರು. ಚಿತ್ರ ಮುಗಿದ ಮೇಲೆ ಆ ಯಜಮಾನರು ಎದ್ದು ಒಂದೇ ಪ್ರಶ್ನೆ ಕೇಳಿದರು: "ರಾಜೀವಪ್ಪ ದೊಡ್ಡ ಮನುಷ್ಯ, ಸರಿ. ಆದರೆ ಅಕ್ಕನ ಮಗ ಲೆಕ್ಕ ಕೇಳಿದ್ದು ತಪ್ಪೇ?"

ಸಭೆ ಒಂದು ಗಳಿಗೆ ಸುಮ್ಮನಾಯಿತು. ಅಲ್ಲಿಯವರೆಗೆ ನಾವೆಲ್ಲ ಅಳಿಯನನ್ನು ಕೃತಘ್ನನೆಂದು ಬೈದುಕೊಂಡು, ಊಟದ ಎಲೆಯಿಂದೆದ್ದು ಹೋದ ರಾಜಕುಮಾರರಿಗಾಗಿ ಕಣ್ಣೊರೆಸಿಕೊಂಡಿದ್ದೆವು. ಒಟ್ಟು ಕುಟುಂಬದ ಅಂಗಡಿ ನಡೆಸುವವರಿಗೆ ಮಾತ್ರ ಅಲ್ಲಿಯ ನೋವು ಬೇರೆಯಾಗಿ ಕಂಡಿತು. ಹಿರಿಯನು ಗುಟ್ಟಾಗಿ ಒಂದು ಮನೆಗೆ ದುಡ್ಡು ಕೊಡುತ್ತಾನೆ. ಕೊಡುವುದು ಭಾವನ ಮಾನ ಉಳಿಸಲೆಂದೇ ಇರಬಹುದು. ಆದರೆ ಕಾರಣ ಹೇಳುವುದಿಲ್ಲ. ಕಿರಿಯರಿಗೆ ಅನುಮಾನ ಬಾರದೆ ಇನ್ನೇನು ಬಂದೀತು? ಆಗ ಹಿಂದಿನ ಬೆಂಚಿನಿಂದ ನೂಲು ಖಾತೆಯ ಒಬ್ಬರು, "ಲೆಕ್ಕದ ಮಾತು ಬಂತಲ್ಲ ಸಾಹುಕಾರ್ರೇ, ಆ ಬರಡು ಗುಡ್ಡ ಹಸಿರು ಮಾಡಿದಾಗ ಕಲ್ಲು ಹೊತ್ತವರಿಗೆ ದಿನಕ್ಕೇನು ಕೊಟ್ಟ? ಚಿತ್ರದಲ್ಲಿ ಅದೊಂದನ್ನು ಬಿಟ್ಟು ಎಲ್ಲ ತೋರಿಸಿದ್ದಾರೆ" ಎಂದರು. ನಗೆಯೂ ಎದ್ದಿತು, ಜಗಳವೂ ಎದ್ದಿತು. ಅಂಗಡಿಯವರೊಬ್ಬರು, ಸಾಲ ಮಾಡಿ ಬಾವಿ ತೋಡಿಸಿದವನ ಎದೆಬಡಿತ ಕೂಲಿಯವನಿಗೇನು ಗೊತ್ತು ಎಂದರು. ಕೂಲಿಯವನ ಹೆಂಡತಿಯ ಎದೆಬಡಿತದ ಮಾತು ಅಲ್ಲಿಂದ ಬಂದಿತು. ಗಿರಣಿಯವರೂ ಅಂಗಡಿಯವರೂ ಉದ್ದರಿ ಪುಸ್ತಕದ ಆಚೀಚೆ ನಿಂತು ಮಾತ್ರ ಒಬ್ಬರನ್ನೊಬ್ಬರು ಬಲ್ಲವರು. ಆ ರಾತ್ರಿ ಅವರು ಕೂಲಿ, ಸಾಲ, ನಂಬಿಕೆ ಇವನ್ನು ಕುರಿತು ಮುಖಕ್ಕೆ ಮುಖ ಕೊಟ್ಟು ಮಾತಾಡಿದರು. ಸಮಿತಿಯಿದ್ದಿದ್ದರೆ ಈ ಚಿತ್ರ ಪಟ್ಟಿಯನ್ನೇ ಸೇರುತ್ತಿರಲಿಲ್ಲ.

ಹಾಗೆಂದು ಹೊರದೇಶದ ಚಿತ್ರ ನಮಗೆ ಬೇಡವೆಂದು ನಾನು ಹೇಳುತ್ತಿಲ್ಲ. ಬೈಂಡಿಂಗ್ ಕೆಲಸದ ಹುಡುಗನೊಬ್ಬ ತನ್ನ ಸರದಿಯಲ್ಲಿ ಇಟಲಿಯ ದ ಸೀಕಾ ಎಂಬವರ 'ಬೈಸಿಕಲ್ ಥೀವ್ಸ್' ಆರಿಸಿದ. 1948ರ ಚಿತ್ರ. ಯುದ್ಧ ಮುಗಿದ ರೋಮಿನಲ್ಲಿ ಬಹುಕಾಲ ನಿರುದ್ಯೋಗಿಯಾಗಿದ್ದವನಿಗೆ ಗೋಡೆಗೆ ಪೋಸ್ಟರು ಅಂಟಿಸುವ ಕೆಲಸ ಸಿಕ್ಕುತ್ತದೆ. ಸೈಕಲಿದ್ದರೆ ಮಾತ್ರ ಕೆಲಸ. ಸೈಕಲು ಗಿರವಿಯಲ್ಲಿದೆ. ಹೆಂಡತಿ ಮನೆಯ ಹಾಸಿಗೆ ಬಟ್ಟೆಗಳನ್ನು ಒತ್ತೆಯಿಟ್ಟು ಸೈಕಲು ಬಿಡಿಸಿ ಕೊಡುತ್ತಾಳೆ. ಗಿರವಿ ಅಂಗಡಿಯವನು ಆ ಗಂಟನ್ನಿಡಲು ಏಣಿಯಂಥ ಕಪಾಟನ್ನು ಹತ್ತುತ್ತಾ ಹತ್ತುತ್ತಾ ಹೋಗುತ್ತಾನೆ. ಮಾಡಿನವರೆಗೂ ಅಂಥವೇ ಗಂಟುಗಳು. ಮಾತೇ ಇಲ್ಲದ ಆ ನೋಟಕ್ಕೆ ನಮ್ಮ ಹೆಣ್ಣುಮಕ್ಕಳ ಬೆಂಚಿನಿಂದ "ಅಯ್ಯೋ" ಎಂಬ ಉದ್ಗಾರ ಬಂದಿತು. ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ಕೆಲಸದ ಮೊದಲ ದಿನವೇ, ಅವನು ಸಿನಿಮಾ ತಾರೆಯೊಬ್ಬಳ ಪೋಸ್ಟರು ಅಂಟಿಸುತ್ತಿರುವಾಗ, ಸೈಕಲು ಕಳುವಾಗುತ್ತದೆ. ಪೋಲೀಸಿನವರು ದೂರು ಬರೆದುಕೊಂಡು ನೀನೇ ಹುಡುಕಿಕೋ ಎನ್ನುತ್ತಾರೆ. ಕೊನೆಗೆ ಮಗನ ಕಣ್ಣೆದುರಿಗೇ ತಾನೂ ಒಂದು ಸೈಕಲು ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ.

ಆ ಪಾತ್ರ ಮಾಡಿದ ಲಂಬೆರ್ತೊ ಮಜ್ಜೊರಾನಿ ನಟನಲ್ಲ, ಕಾರ್ಖಾನೆಯ ಕೆಲಸಗಾರ. ಚಿತ್ರ ಜಗತ್ತೆಲ್ಲ ಹೆಸರು ಮಾಡಿತು; ಅವನು ಮರಳಿ ಕಾರ್ಖಾನೆಗೆ ಹೋದ, ಆಳು ಕಡಿತ ಮಾಡಿದಾಗ ಅವನನ್ನೂ ಹೊರಗೆ ಹಾಕಿದರು. ಇದನ್ನು ಕೇಳಿದ ಮೇಲೆ ನಮ್ಮವರು ಚಿತ್ರವನ್ನು ಬಿಟ್ಟು ಚಿತ್ರ ತೆಗೆದವರ ಮೇಲೆಯೇ ತಿರುಗಿದರು. ಬಡತನದ ಚಿತ್ರದಿಂದ ಯಾರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಸರಿಯಾದ ಉತ್ತರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ನಮ್ಮ ಜನಕ್ಕೆ ಇಂಥದು ತಿಳಿಯದು ಎನ್ನುವವರು ಹೆಗ್ಗೋಡನ್ನು ನೆನೆಯಬೇಕು. ಸಾಗರ ತಾಲ್ಲೂಕಿನ ಆ ಸಣ್ಣ ಊರಿನಲ್ಲಿ 1973ರಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜವನ್ನು ತೆರೆದು, ಅಡಕೆ ತೋಟದವರಿಗೂ ಕೂಲಿಯವರಿಗೂ ಇದೇ 'ಬೈಸಿಕಲ್ ಥೀವ್ಸ್' ಮೊದಲಾದ ಚಿತ್ರಗಳನ್ನು ತೋರಿಸಿದರು. ಜನ ಕುಳಿತು ನೋಡಿದರು, ತಮಗೆ ತೋರಿದ್ದನ್ನು ಹೇಳಿದರು. ಆರಿಸಿದವರು ಸುಬ್ಬಣ್ಣನವರಲ್ಲವೇ, ಅದೂ ಬಲ್ಲವರ ಆಯ್ಕೆಯೇ ತಾನೆ ಎಂದು ನೀವು ಕೇಳಬಹುದು. ಹೌದು. ಆಗ ಚಿತ್ರದ ಡಬ್ಬಿಗಳು ದೂರದೂರುಗಳಿಂದ ಬರಬೇಕಿತ್ತು. ಪತ್ರ ಬರೆದು, ಸಾಗಣೆ ಕೊಟ್ಟು, ಸಮಯಕ್ಕೆ ತರಿಸುವ ಒಬ್ಬರು ಬೇಕೇಬೇಕಿತ್ತು. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮೊದಲಾದವರು ಕಲಕತ್ತೆಯಲ್ಲಿ ಕಟ್ಟಿದ ಸಂಘಕ್ಕೂ ಅದೇ ಪಾಡು. ಈಗ ಹಾಗಿಲ್ಲ. ಬೈಂಡಿಂಗಿನ ಹುಡುಗ ಆ ಚಿತ್ರವನ್ನು ಕಂಡುಕೊಂಡದ್ದು ತನ್ನ ಮೊಬೈಲಿನಲ್ಲಿ. ಡಬ್ಬಿ ತರುವವನಿಗೆ ಆರಿಸುವ ಅಧಿಕಾರ ಹೋಗುತ್ತಿದ್ದ ಕಾಲ ಮುಗಿದಿದೆ. ಆ ಅಧಿಕಾರವನ್ನು ಈಗ ಸಮಿತಿಯ ಹೆಸರಿನಲ್ಲಿ ಮತ್ತೆ ಹುಟ್ಟಿಸುವ ಅಗತ್ಯವೇನು?

ಇನ್ನೊಂದು ಕಡೆಯಿಂದ ಬರುವ ಆಕ್ಷೇಪಣೆಯೂ ಇದೆ. ಬೋನಸ್ಸಿನ ಮಾತು, ಬೆಲೆಯೇರಿಕೆಯ ಮಾತು ಇರುವಾಗ ಸಿನಿಮಾ ಚರ್ಚೆ ಶೋಕಿಯಲ್ಲವೇ ಎಂದು ಹಿರಿಯ ಸಂಗಾತಿಗಳು ಕೇಳುತ್ತಾರೆ. ಸಿನಿಮಾ ಕೂಡ ಬೆಲೆಯ ಪ್ರಶ್ನೆಯೇ ಎಂದು ಅವರಿಗೆ ಅರಿಕೆ ಮಾಡುತ್ತೇನೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿನ ಬೆಲೆ ತೆರಿಗೆ ಬಿಟ್ಟು 200 ರೂಪಾಯಿ ಮೀರಕೂಡದೆಂದು ನಿಯಮ ಮಾಡಿತು. ಮಲ್ಟಿಪ್ಲೆಕ್ಸಿನವರು ಹೈಕೋರ್ಟಿಗೆ ಹೋದರು. ತಿಂಗಳು ತುಂಬುವುದರೊಳಗೆ ತಡೆಯಾಜ್ಞೆ ಬಂದಿತು. ಇಬ್ಬರು ಮಕ್ಕಳನ್ನು ಕರೆದುಕೊಂಡು ಗಂಡಹೆಂಡಿರು ಹೋದರೆ, ಆ ಮಿತಿಯ ಲೆಕ್ಕದಲ್ಲಿಯೇ 800 ರೂಪಾಯಿ. ಊರ ಹಳೆಯ ಟಾಕೀಸುಗಳು ಒಂದೊಂದಾಗಿ ಕಲ್ಯಾಣ ಮಂಟಪವಾದವು, ಗೋದಾಮಾದವು. ನಾಲ್ಕು ಜನ ಒಟ್ಟಿಗೆ ಕುಳಿತು ನೋಡುವ ಜಾಗವೇ ದುಡಿಯುವವನ ಕೈತಪ್ಪುತ್ತಿರುವಾಗ ಸಂಘದ ಬಾಡಿಗೆ ಪರದೆ ಶೋಕಿಯಾಗಲಾರದು.

ಸರದಿ ಪದ್ಧತಿಯಲ್ಲಿ ತಿದ್ದಬೇಕಾದದ್ದಿದೆ, ಇಲ್ಲವೆನ್ನುವುದಿಲ್ಲ. ಆರಿಸಿದವರು ತಾವು ಒಮ್ಮೆ ಪೂರ್ತಿ ನೋಡಿರಬೇಕು. ಬರೀ ಹೆಸರು ಕೇಳಿ ಆರಿಸಿದ್ದರಿಂದಲೇ ಆ ಹೊಡೆದಾಟದ ಚಿತ್ರ ಬಂದದ್ದು. ಚಿತ್ರಕ್ಕೆ ಮುಂಚೆ ಭಾಷಣ ಬೇಡ. ಕಾಲೇಜಿನ ಮಿತ್ರರೊಬ್ಬರು ಮುಕ್ಕಾಲು ಗಂಟೆ ಪೀಠಿಕೆ ಹಾಕಿದ ದಿನ ರಾತ್ರಿ ಪಾಳಿಯವರು ಅರ್ಧ ಚಿತ್ರಕ್ಕೇ ಎದ್ದು ಹೋಗಬೇಕಾಯಿತು. ಚಿತ್ರ ಮುಗಿದ ಮೇಲೆ, ಹಿಂದಿನ ಸಲ ಬಾಯಿ ತೆರೆಯದವರಿಗೆ ಮೊದಲ ಅವಕಾಶ. ನನ್ನನ್ನೂ ಸೇರಿಸಿ ಮೇಷ್ಟರುಗಳೆಲ್ಲ ಕೊನೆಗೆ ಮಾತಾಡಲಿ, ಹೊತ್ತು ಉಳಿದಿದ್ದರೆ. ಪರಭಾಷೆಯ ಚಿತ್ರವಾದರೆ ಒಬ್ಬರು ಪಕ್ಕದಲ್ಲಿ ನಿಂತು ಮಾತುಗಳನ್ನು ಕನ್ನಡದಲ್ಲಿ ಹೇಳಬೇಕು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ನಂಬಿ ಕೂರುವುದು ನಮ್ಮ ಸಂಘಕ್ಕೆ ತಕ್ಕದ್ದಲ್ಲ. ಸಮಿತಿಗಾಗಿ ಹಾತೊರೆಯುವ ಗೆಳೆಯರು ಈ ಕೆಲಸವನ್ನು ವಹಿಸಿಕೊಂಡರೆ ಅವರ ತಿಳಿವಳಿಕೆಯೆಲ್ಲ ಸಂಘಕ್ಕೆ ದಕ್ಕುತ್ತದೆ.

ಮುಂದಿನ ಸರದಿ ರಾಟೆ ಖಾತೆಯ ಅಕ್ಕನವರೊಬ್ಬರದು. ಅವರು 'ಚೋಮನ ದುಡಿ'ಯನ್ನು ಕೇಳಿದ್ದಾರೆ, 1975ರಲ್ಲಿ ಬಿ. ವಿ. ಕಾರಂತರು ತೆಗೆದದ್ದು. ಚಿಕ್ಕಂದಿನಲ್ಲಿ ತಂದೆಯ ಜೊತೆ ಅರ್ಧ ನೋಡಿದ್ದರಂತೆ, ಉಳಿದರ್ಧ ನೋಡಬೇಕಂತೆ. ಸೂಚನೆ ಗೆದ್ದರೆ ಅವರ ಸರದಿ ಹೋಗುತ್ತದೆ. ಸರ್ವಸದಸ್ಯರ ಸಭೆ ಬರುವ ಭಾನುವಾರ ಸಂಜೆ ಐದಕ್ಕೆ. ಎರಡನೆಯ ಪಾಳಿಯವರು ತಮ್ಮ ಮತವನ್ನು ಚೀಟಿಯಲ್ಲಿ ಬರೆದು ಕಾರ್ಯದರ್ಶಿಗಳಿಗೆ ಶನಿವಾರವೇ ಕಳುಹಿಸಬಹುದೆಂದು ನಿಯಮವಿದೆ. ಚಂದಾ ಬಾಕಿಯಿದ್ದವರಿಗೂ ಮತವುಂಟು.