ಸುರಂಗ ಕೊರೆಯುವವರ ಸಂಸಾರ

ಬಾಹ್ಯಾಕಾಶ ನೌಕೆಯ ಕಥೆ ಎಂದೊಡನೆ ಮಕ್ಕಳಿಗೆ ಲೇಸರ್ ಬಂದೂಕು, ಗ್ರಹಗಳ ಕಾದಾಟ ನೆನಪಾಗುತ್ತವೆ. ಹೆತ್ತವರಿಗೆ ಮಾರ್ಕ್ಸ್ ಕಾರ್ಡು. ಅಮೆರಿಕದ ಬೆಕಿ ಚೇಂಬರ್ಸ್ ಬರೆದ ‘ದ ಲಾಂಗ್ ವೇ ಟು ಎ ಸ್ಮಾಲ್, ಆ್ಯಂಗ್ರಿ ಪ್ಲಾನೆಟ್’ ಕಾದಂಬರಿ ಇಬ್ಬರ ಎಣಿಕೆಯನ್ನೂ ತಪ್ಪಿಸುತ್ತದೆ. ಇದರ ಪಾತ್ರಗಳು ಯೋಧರಲ್ಲ, ಗುತ್ತಿಗೆ ಕೆಲಸಗಾರರು. ‘ವೇಫೇರರ್’ ಎಂಬ ತೇಪೆ ಹಾಕಿದ ನೌಕೆಯಲ್ಲಿ ಅಲೆಯುತ್ತ, ದೂರದೂರದ ಲೋಕಗಳ ನಡುವೆ ಸುರಂಗಮಾರ್ಗ ಕೊರೆಯುವುದು ಅವರ ಕಸುಬು.

2012ರಲ್ಲಿ ಲೇಖಕಿ ಬರವಣಿಗೆ ಮುಗಿಸಲು ಇಂಟರ್‌ನೆಟ್ ಮೂಲಕ ಜನರಿಂದ ಚಂದಾ ಎತ್ತಿ, 2014ರಲ್ಲಿ ತಾವೇ ಪುಸ್ತಕ ಪ್ರಕಟಿಸಿದರು. ಆಮೇಲೆ ಬೆಳೆದ ಮಾಲಿಕೆಗೆ 2019ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು.

ನೌಕೆಯಲ್ಲಿರುವವರು ರಕ್ತಸಂಬಂಧಿಗಳಲ್ಲ, ಒಂದೇ ಜೀವಜಾತಿಯವರೂ ಅಲ್ಲ. ಗುಮಾಸ್ತೆಯಾಗಿ ಹೊಸದಾಗಿ ಸೇರುವ ರೋಸ್‌ಮೇರಿ ಮಂಗಳ ಗ್ರಹದ ಹುಡುಗಿ. ಯುದ್ಧಕ್ಕೆ ಕದ್ದು ಶಸ್ತ್ರಾಸ್ತ್ರ ಮಾರಿದ ತಂದೆಯ ಹೆಸರಿನಿಂದ ತಪ್ಪಿಸಿಕೊಳ್ಳಲು ಗುರುತು ಬದಲಿಸಿಕೊಂಡು ಬಂದವಳು. ಡಾಕ್ಟರ್ ಶೆಫ್ ಎಂಬಾತ ಅನ್ಯಲೋಕದವನು; ವೈದ್ಯನೂ ಅವನೇ, ಅಡುಗೆಯವನೂ ಅವನೇ. ಅವನ ಹೆಣ್ಣುಮಕ್ಕಳೆಲ್ಲ ಯುದ್ಧದಲ್ಲಿ ಸತ್ತಿದ್ದಾರೆ. ಶಸ್ತ್ರ ಮಾರಿದವನ ಮಗಳೂ ಶಸ್ತ್ರಕ್ಕೆ ಮಕ್ಕಳನ್ನು ಕೊಟ್ಟವನೂ ಎದುರುಬದುರು ಕೂತು ಮಾತಾಡುವ ಪುಟಗಳಲ್ಲಿ ಯಾರೂ ದನಿ ಏರಿಸುವುದಿಲ್ಲ. ಓದುವವರ ಗಂಟಲು ಮಾತ್ರ ಕಟ್ಟುತ್ತದೆ.

ಪರಸ್ಪರ ಹಿಡಿಸಿದವರು ಒಂದಾಗುವುದರಲ್ಲಿ ವಿಶೇಷವೇನೂ ಇಲ್ಲ. ಕಾದಂಬರಿಯ ತೂಕ ಇರುವುದು ಕಾರ್ಬಿನ್‌ನಲ್ಲಿ. ಈತ ಇಂಧನಕ್ಕಾಗಿ ಪಾಚಿ ಬೆಳೆಸುವ ತಜ್ಞ, ಮಹಾ ಸಿಡುಕ. ನೌಕೆ ನಡೆಸುವ ಸಿಸಿಕ್ಸ್‌ಗೂ ಅವನಿಗೂ ಎಣ್ಣೆ–ಸೀಗೆಕಾಯಿ. ಸಿಸಿಕ್ಸ್ ಗರಿ ಹೊತ್ತ, ಉರಗದಂಥ ಜೀವಿ. ಅವಳ ಕುಲದಲ್ಲಿ ಮೊಟ್ಟೆಯಿಟ್ಟವರು ಮಕ್ಕಳನ್ನು ಸಾಕುವುದಿಲ್ಲ, ಹಿರಿಯರು ಸಾಕುತ್ತಾರೆ. ಬೆಳೆದವರು ತಮ್ಮ ‘ಗರಿಯ ಕುಟುಂಬ’ವನ್ನು ತಾವೇ ಆರಿಸಿಕೊಳ್ಳುತ್ತಾರೆ. ಕಾರ್ಬಿನ್‌ನನ್ನು ಅವಳಂತೂ ಆರಿಸಿರಲಿಲ್ಲ! ಒಂದು ದಿನ ಅವನು ತನ್ನ ತಂದೆಯ ತದ್ರೂಪಿ ಎಂಬುದು ಬಯಲಾಗುತ್ತದೆ. ಅದು ಕಾನೂನುಬಾಹಿರ, ಪಾಪ, ಅವನಿಗೇ ಗೊತ್ತಿರಲಿಲ್ಲ. ಜೈಲಿಗೆ ಹಾಕುತ್ತಾರೆ. ಬಿಡಿಸಬೇಕಾದರೆ ಒಬ್ಬರು ಪೋಷಕರಾಗಿ ನಿಲ್ಲಬೇಕು. ಸಿಸಿಕ್ಸ್ ನಿಲ್ಲುತ್ತಾಳೆ. ಇದರಿಂದ ಪ್ರೀತಿಯೇನೂ ಉಕ್ಕುವುದಿಲ್ಲ. ಜಗಳವಾಡುತ್ತಲೇ ಒಬ್ಬರ ಪಕ್ಕ ಒಬ್ಬರು ಇರಬೇಕಾದ ಕಟ್ಟು ಮಾತ್ರ ಬೀಳುತ್ತದೆ. ಚೇಂಬರ್ಸ್ ಇಲ್ಲಿ ಕಣ್ಣೀರು ಹರಿಸದಿರುವುದು ಅವರ ಹೆಚ್ಚುಗಾರಿಕೆ.

ಕೊರತೆಯೂ ಇದೆ. ಕಥೆ ಬಹಳ ಕಾಲ ಅಡುಗೆಮನೆ, ಹರಟೆ, ಸಂತೆ ಎಂದು ಸುತ್ತುತ್ತದೆ. ಆತುರದ ಹುಡುಗರು ನಡುವೆ ಕೈಬಿಟ್ಟಾರು. ನೌಕೆಯವರ ಒಳ್ಳೆಯತನವೂ ಒಮ್ಮೊಮ್ಮೆ ಅತಿಯೆನಿಸುತ್ತದೆ. ಪ್ರಣಯದ ಸಂಗತಿಗಳೂ ಇರುವುದರಿಂದ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಹೆಚ್ಚು ಸೂಕ್ತ.

ಆದರೆ ಕೊನೆಯ ಭಾಗದಲ್ಲಿ ಒಂದು ಇಕ್ಕಟ್ಟು ಕಾದಿದೆ. ದಾರಿ ತೋರುವ ಓಹಾನ್‌ಗೆ ಪ್ರಾಣಾಂತಿಕ ಕಾಯಿಲೆ. ಔಷಧಿ ಇದೆ, ಓಹಾನ್ ಒಲ್ಲೆ ಎಂದಿದ್ದಾರೆ. ಆ ಸೋಂಕು ಅವರ ಪಾಲಿಗೆ ಪವಿತ್ರ. ಮಿಕ್ಕವರು ದುಃಖ ನುಂಗಿಕೊಂಡು ಆ ಮಾತಿಗೆ ಬೆಲೆ ಕೊಡುತ್ತಾರೆ. ಸೂಜಿ ಹಿಡಿದು ಬಲವಂತವಾಗಿ ಚುಚ್ಚಿಬಿಡುವವನು ಕಾರ್ಬಿನ್. ಜೀವ ಉಳಿಯುತ್ತದೆ. ಅವನು ಮಾಡಿದ್ದು ಸರಿಯೇ? ತಂದೆ ಒಂದು ಹೇಳಿದರೆ ಮಗಳು ಇನ್ನೊಂದು ಹೇಳಬಹುದು.